ಪಕ್ಕದ ಮನೆಯ ರಬ್ಬಿ

ಗುರುಗಳೇ, ಮೊದಲು ಆ ಪುಸ್ತಕಗಳನ್ನು ಮಣೆಯ ಮೇಲಿಂದ ಎತ್ತಿ. ಕಿಟಕಿಯಲ್ಲಿಡಿ, ಮಂಚದ ಮೇಲಿಡಿ, ಬೇಕಾದರೆ ತಲೆಯ ಮೇಲಿಟ್ಟುಕೊಳ್ಳಿ. ಮಣೆ ಮಾತ್ರ ಖಾಲಿ ಇರಬೇಕು. ಹಾಂ, ಹಾಗೆ. ಇನ್ನು ಅದನ್ನು ನನ್ನ ಬಲಗಡೆಗೆ ತಳ್ಳಿ. ನಾನೇ ಎಳೆದುಕೊಳ್ಳುತ್ತಿದ್ದೆ, ಈ ಸೊಂಟ ಕೇಳುವುದಿಲ್ಲ.

ನೀವು ಈ ಊರಿಗೆ ರಬ್ಬಿಯಾಗಿ ಬಂದು ಎಂಟು ದಿನವಾಯಿತು. ಎಂಟು ದಿನದಿಂದ ಒಬ್ಬರೂ ಒಂದು ಪ್ರಶ್ನೆ ತಂದಿಲ್ಲ, ಇದೆಂಥ ಊರಪ್ಪಾ ಅಂದುಕೊಂಡಿರುತ್ತೀರಿ. ತರುವುದಾದರೂ ಹೇಗೆ? ಮಣೆಯ ಮೇಲೆ ನಿಮ್ಮ ಪುಸ್ತಕ ಕೂತಿತ್ತಲ್ಲ. ಈ ಊರಿಗೆ ಒಂದು ಕಟ್ಟಲೆ ಇದೆ, ಯಾರೂ ನಿಮಗೆ ಹೇಳಿದ ಹಾಗಿಲ್ಲ. ಇಲ್ಲಿ ಯಾರೂ ತಮ್ಮ ಪ್ರಶ್ನೆಯನ್ನು ತಮ್ಮದು ಅಂತ ಕೇಳುವುದಿಲ್ಲ, ಪಕ್ಕದ ಮನೆಯವರದ್ದು ಅಂತ ಕೇಳುತ್ತಾರೆ. ಹಲ್ಲು ನೋಯುತ್ತಿರುವವನು ದವಡೆ ಹಿಡಿದುಕೊಂಡೇ ಬಂದು "ಪಕ್ಕದ ಮನೆಯವನಿಗೆ ಹಲ್ಲುನೋವಂತೆ" ಅಂತಾನೆ. ನಗಬೇಡಿ. ಆ ಪಕ್ಕದ ಮನೆಯವನು ಕೂರಲಿ ಅಂತ ಈ ಮಣೆ. ರಬ್ಬಿಯಾದವನು ಕೇಳಿದವರ ಮುಖ ನೋಡಬಾರದು, ಮಣೆಯ ಕಡೆ ನೋಡಿ ಉತ್ತರ ಹೇಳಬೇಕು. ಕೇಳಿದವರು "ಆಗಲಿ, ಅವರಿಗೆ ತಿಳಿಸುತ್ತೇನೆ" ಅಂತ ಎದ್ದು ಹೋಗಬೇಕು. ಅಷ್ಟೇ ಕಟ್ಟಲೆ. ಯಾರು ಯಾವ ಕಾಲದಲ್ಲಿ ಮಾಡಿದರೋ ನನಗೂ ಗೊತ್ತಿಲ್ಲ.

ನಾನೂ ಒಂದು ಪ್ರಶ್ನೆ ತಂದಿದ್ದೇನೆ. ನನ್ನದಲ್ಲ. ನಮ್ಮ ಪಕ್ಕದ ಮನೆಯಲ್ಲೊಬ್ಬ ರಬ್ಬಿ ಇದ್ದಾನಂತೆ. ಈಗ ಮುದುಕನಂತೆ. ಅವನು ಒಬ್ಬ ಹೆಂಗಸಿನ ಹತ್ತಿರ ಕ್ಷಮೆ ಕೇಳಬೇಕಿತ್ತಂತೆ, ಕೇಳಲೇ ಇಲ್ಲವಂತೆ. ಈಗ ಏನು ಮಾಡಬೇಕು ಅನ್ನುವುದು ಅವನ ಪ್ರಶ್ನೆ. ಒಂದು ಮಾತಿನಲ್ಲಿ ಮುಗಿಯುವಂಥದ್ದಲ್ಲ, ಬುಡದಿಂದ ಹೇಳಬೇಕು. ಬಾಗಿಲು ಹಾಕಬೇಡಿ, ತೆರೆದೇ ಇರಲಿ. ಬೆಳಗಿನ ಬಿಸಿಲು ಮಣೆಯ ಮೇಲೆ ಬೀಳಲಿ.

ಆ ರಬ್ಬಿ ಇಪ್ಪತ್ತಾರನೇ ವಯಸ್ಸಿಗೆ ಒಂದು ಊರಿಗೆ ಬಂದನಂತೆ. ಯಾವ ಊರು ಅಂತ ಕೇಳಬೇಡಿ, ಊರು ಅಂದರೆ ಊರು. ಮೂರು ಪೆಟ್ಟಿಗೆ ಪುಸ್ತಕ, ಒಂದು ಹೊಸ ಕರಿ ಕೋಟು, ಒಂದು ಗಡ್ಡ. ಗಡ್ಡವೂ ಹೊಸದೇ. ಓದಿದ ಕಡೆಯೆಲ್ಲ ಅವನೇ ಮೊದಲನೆಯವನಂತೆ. ಗುರುಗಳು ಅರ್ಧ ವಾಕ್ಯ ಹೇಳಿದರೆ ಉಳಿದರ್ಧವನ್ನು, ಯಾವ ಪುಟ, ಎಷ್ಟನೇ ಸಾಲು ಅನ್ನುವುದರ ಸಮೇತ ಇವನು ಹೇಳುತ್ತಿದ್ದನಂತೆ. ನಮ್ಮ ಯಹೂದಿಗಳಲ್ಲಿ ರಬ್ಬಿ ಅಂದರೆ ಪೂಜೆ ಮಾಡುವವನಲ್ಲ, ವರ ಕೊಡುವವನೂ ಅಲ್ಲ. ಜನ ಬಂದು ಇದು ಸರಿಯೋ ತಪ್ಪೋ ಅಂತ ಕೇಳಿದರೆ ಧರ್ಮ ನೋಡಿ ಉತ್ತರ ಹೇಳುವವನು. ಅಷ್ಟು ಅವನಿಗೆ ಗೊತ್ತಿತ್ತಂತೆ. ಉತ್ತರಗಳೆಲ್ಲ ಪೆಟ್ಟಿಗೆಯಲ್ಲಿವೆ, ಪ್ರಶ್ನೆ ಬರುವುದೊಂದೇ ಬಾಕಿ ಅಂದುಕೊಂಡು ಕೂತನಂತೆ.

ಆ ಊರಲ್ಲೂ ಇದೇ ಕಟ್ಟಲೆ, ಶುಕ್ರವಾರ ಬೆಳಿಗ್ಗೆ ಪ್ರಶ್ನೆಯ ಹೊತ್ತು. ಆ ಊರಲ್ಲೂ ಒಂದು ಮಣೆ. ಧರ್ಮಗ್ರಂಥ ನೆಲಕ್ಕೆ ತಾಗಬಾರದಲ್ಲ, ಇಡಲು ಬೇರೆ ಜಾಗ ಕಾಣದೆ ಅವನು ಮಣೆಯ ಮೇಲೇ ಇಟ್ಟನಂತೆ. ಹೂಂ, ಈಗ ನಕ್ಕಿರಿ ನೋಡಿ. ನಗಿ, ಪರವಾಗಿಲ್ಲ.

ಆ ಊರಿನ ಪ್ರಾರ್ಥನಾ ಮಂದಿರದಲ್ಲಿ ದೀಪ ಹಚ್ಚುವ ಒಬ್ಬ ವಯಸ್ಸಾದವನಿದ್ದನಂತೆ. ಅವನು ಮೆಲ್ಲಗೆ ಬಂದು ಹೇಳಿದನಂತೆ, "ಗುರುಗಳೇ, ಪಕ್ಕದ ಮನೆಯವರು ಮಾತಾಡಿಕೊಳ್ಳುತ್ತಿದ್ದರು, ಆ ಮಣೆ ಪುಸ್ತಕಕ್ಕಲ್ಲವಂತೆ."

"ಹಾಗಾದರೆ ಪಕ್ಕದ ಮನೆಯವರಿಗೆ ಹೇಳಿ, ಒಂದು ಕಪಾಟು ಮಾಡಿಸಿಕೊಡಲಿ."

"ಆಗಲಿ, ತಿಳಿಸುತ್ತೇನೆ" ಅಂದ ದೀಪದವನು ಪುಸ್ತಕಗಳನ್ನು ಕಿಟಕಿಗೆ ಸಾಗಿಸಿ, ಹೆಗಲ ಬಟ್ಟೆಯಿಂದ ಮಣೆ ಒರೆಸಿ ಹೋದನಂತೆ. ಅವನು ಅತ್ತ ಹೋದದ್ದೇ ರಬ್ಬಿ ಮತ್ತೆ ತಂದು ಇಟ್ಟನಂತೆ.

ಮೊದಲ ಶುಕ್ರವಾರ ರೊಟ್ಟಿ ಸುಡುವವನು ಬಂದನಂತೆ. "ಪಕ್ಕದ ಮನೆಯವನ ಮಾಂಸದ ಸಾರಿಗೆ ಹಾಲು ಬಿತ್ತಂತೆ ಗುರುಗಳೇ. ತಿನ್ನಬಹುದೋ ಹೇಗೆ ಅಂತ ಕೇಳಿದ." ಹಾಲೂ ಮಾಂಸವೂ ಸೇರಬಾರದು ಅನ್ನುವುದು ನಮ್ಮ ಅಡಿಗೆಮನೆಯ ನಿಯಮ, ನಿಮಗೆ ಹೇಳಬೇಕೇ. ರಬ್ಬಿಗೆ ಉತ್ಸಾಹ ಬಂತಂತೆ. ಎಷ್ಟು ಹಾಲು, ಎಷ್ಟು ಸಾರು, ಕುದಿಯುತ್ತಿತ್ತೋ ಆರಿತ್ತೋ, ಒಂದರ ಮೇಲೊಂದು ಕೇಳಿದನಂತೆ.

"ಎರಡು ತೊಟ್ಟು ಹಾಲಂತೆ. ದೊಡ್ಡ ಪಾತ್ರೆಯಂತೆ."

"ಅಂತೆ ಅಂದರೆ? ಅಂತೆಕಂತೆಗೆಲ್ಲ ತೀರ್ಪು ಹೇಳುವುದಕ್ಕಾಗುತ್ತದೆಯೇ? ಅವನನ್ನೇ ಕರೆದುಕೊಂಡು ಬನ್ನಿ."

"ಅವನಿಗೆ ನಾಚಿಕೆಯಂತೆ."

"ಸಾರಿನ ವಿಷಯಕ್ಕೆ ನಾಚಿಕೆಯೇ?"

ರೊಟ್ಟಿಯವನು ತನ್ನ ಗಡ್ಡಕ್ಕೆ ಅಂಟಿದ್ದ ಸಾರು ಒರೆಸಿಕೊಂಡು ಎದ್ದು ಹೋದನಂತೆ. ರಬ್ಬಿ ದೀಪದವನನ್ನು ಕರೆದು, ಇನ್ನು ಮುಂದೆ ಅವರವರ ಪ್ರಶ್ನೆ ಅವರವರೇ ಕೇಳಬೇಕು ಅಂತ ಸಾರಿಬಿಡಿ ಅಂದನಂತೆ. ಸುಳ್ಳಿನ ಮೇಲೆ ಧರ್ಮ ನಿಲ್ಲುವುದಿಲ್ಲ ಅಂದನಂತೆ. ಇಪ್ಪತ್ತಾರು ವರ್ಷ ನೋಡಿ, ಬಾಯಿಗೆ ಬಂದದ್ದೆಲ್ಲ ಸುಭಾಷಿತ.

ಎರಡನೇ ಶುಕ್ರವಾರ ಹೆಣ ಮೀಯಿಸುವಾಕೆ ಬಂದಳಂತೆ.

ಆ ಊರಲ್ಲಿ ಹೆಂಗಸರು ಯಾರು ತೀರಿಕೊಂಡರೂ ಮೀಯಿಸಿ, ಬಿಳಿ ಬಟ್ಟೆ ಉಡಿಸುವುದು ಆಕೆಯೇ. ನೀರು ಹೊಯ್ಯಲು ಇಬ್ಬರು ಜೊತೆಯವರಿದ್ದರು, ಆದರೆ ಕೈ ಆಕೆಯದು. ಅಂಥ ಕೆಲಸಕ್ಕೆ ಕೂಲಿ ಇಲ್ಲ, ಶಹಬ್ಬಾಸ್ ಇಲ್ಲ. ಮೀಯಿಸಿಕೊಂಡವರು ಎದ್ದು ಕೂತು ನಿನ್ನಿಂದ ಉಪಕಾರವಾಯಿತು ಅನ್ನುವುದಿಲ್ಲವಲ್ಲ. ಊರಿನವರು ಆಕೆಗೆ ದಾರಿ ಬಿಟ್ಟು ನಿಲ್ಲುತ್ತಿದ್ದರಂತೆ.

ಅವತ್ತು ಕೋಣೆ ತುಂಬ ಜನ. ಹೊಸ ರಬ್ಬಿ ಹೇಗೆ ಅಂತ ನೋಡಲು ಬಂದವರೇ ಹೆಚ್ಚು. ಆಕೆ ಯಾರನ್ನೂ ಕೇಳದೆ ಪುಸ್ತಕಗಳನ್ನು ಎತ್ತಿ ರಬ್ಬಿಯ ತೊಡೆಯ ಮೇಲಿಟ್ಟು, ಮಣೆಯನ್ನು ತನ್ನ ಬಲಗಡೆಗೆ ಎಳೆದುಕೊಂಡು ಕೂತಳಂತೆ.

"ಪಕ್ಕದ ಮನೆಯವಳ ಮಾತು ಗುರುಗಳೇ" ಅಂದಳಂತೆ. "ಅವಳು ಒಂದು ಹೆಣ ಮೀಯಿಸಿದಳಂತೆ. ತಲೆ ತೊಳೆದಳಂತೆ, ಕೈ ತೊಳೆದಳಂತೆ, ಕಾಲು ತೊಳೆದಳಂತೆ. ಗಂಟು ಬೀಳದ ಹಾಗೆ ಬಿಳಿ ಬಟ್ಟೆ ಉಡಿಸಿದಳಂತೆ. ಕೊನೆಗೊಂದು ಮಾತಿದೆಯಲ್ಲ, ಸತ್ತವರನ್ನು ಹೆಸರು ಹಿಡಿದು ಕರೆದು, 'ನನ್ನ ಕೈಯಿಂದ ನಿನಗೇನಾದರೂ ಅಗೌರವವಾಗಿದ್ದರೆ ಕ್ಷಮಿಸಮ್ಮಾ' ಅನ್ನಬೇಕಲ್ಲ. ಆ ಒಂದು ಮಾತು ಅವಳ ಬಾಯಿಗೆ ಬರಲಿಲ್ಲವಂತೆ. ಸತ್ತವಳು ಅವಳ ಒಡಹುಟ್ಟಿದ ತಂಗಿಯಂತೆ. ಹತ್ತೊಂಬತ್ತು ವರ್ಷ ಇಬ್ಬರಿಗೂ ಮಾತಿರಲಿಲ್ಲವಂತೆ. ಈಗ ಅವಳಿಗೆ ಅನ್ನ ಸೇರುವುದಿಲ್ಲವಂತೆ. ಏನು ಮಾಡಬೇಕಂತೆ?"

ಗುರುಗಳೇ, ಪ್ರಶ್ನೆ ಅಂದರೆ ಇದು. ಇಂಥದ್ದೊಂದಕ್ಕೆ ಉತ್ತರ ಹೇಳಿದರೆ ಸಾಕು, ಓದಿದ್ದು ಸಾರ್ಥಕ. ರಬ್ಬಿಗೆ ಉತ್ತರ ಗೊತ್ತಿತ್ತಂತೆ, ಪುಟ ಸಮೇತ. ಅದನ್ನು ಮಣೆಗೆ ಹೇಳಿ ಮುಗಿಸಬಹುದಿತ್ತು. ಆದರೆ ಕೋಣೆ ತುಂಬ ಜನ ಇದ್ದರಲ್ಲ.

"ಮರೆತಳೋ, ಬೇಕೆಂದೇ ಬಿಟ್ಟಳೋ? ಎರಡಕ್ಕೂ ಬೇರೆ ಬೇರೆ ನಿಯಮ" ಅಂದನಂತೆ.

"ಬಾಯಿಗೆ ಬರಲಿಲ್ಲವಂತೆ."

"ಅದು ಉತ್ತರವಲ್ಲ. ಅವಳನ್ನೇ ಕರೆಯಿರಿ."

"ಅವಳು ಬರುವುದಿಲ್ಲವಂತೆ."

ಆಗ ರಬ್ಬಿ ಬೆನ್ನು ನೆಟ್ಟಗೆ ಮಾಡಿಕೊಂಡು ಜನರ ಕಡೆ ಒಮ್ಮೆ ನೋಡಿದನಂತೆ. ನೋಡಿ, ಕೋರ್ಟಿನಲ್ಲಿ ವಕೀಲರು ಮಾತಾಡುವ ಹಾಗೆ ಮಾತಾಡಿದನಂತೆ. "ತಾಯೀ, ಈ ಊರಲ್ಲಿ ಹೆಣ ಮೀಯಿಸುವವರು ನೀವೊಬ್ಬರೇ. ನಿಮ್ಮ ಮನೆ ನಾನು ನೋಡಿದ್ದೇನೆ. ಒಂದು ಪಕ್ಕದಲ್ಲಿ ಬಾವಿ, ಇನ್ನೊಂದು ಪಕ್ಕದಲ್ಲಿ ಮಂದಿರದ ಗೋಡೆ. ನಿಮಗೆ ಪಕ್ಕದ ಮನೆಯೇ ಇಲ್ಲ. ಆ ಹೆಂಗಸು ನೀವೇ ತಾನೆ?"

ಸ್ವಲ್ಪ ನೀರು ಕೊಡಿ ಗುರುಗಳೇ.

ಆಕೆಯ ಮುಖ ಬೆಳ್ಳಗಾಯಿತಂತೆ. ಆಕೆ ಸತ್ತವರಿಗೆ ಉಡಿಸುತ್ತಿದ್ದ ಬಟ್ಟೆಯಷ್ಟು ಬೆಳ್ಳಗೆ. ಕೋಣೆಯಲ್ಲಿದ್ದವರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರಂತೆ. ಆಕೆ ಮಾತ್ರ ಮಣೆಯನ್ನೇ ನೋಡುತ್ತ ಒಂದೇ ಮಾತಾಡಿದಳಂತೆ.

"ಹೌದಂತೆ."

ಅಂದು ಎದ್ದು, ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇ ಹೋದಳಂತೆ. ಯಾರೂ ತಡೆಯಲಿಲ್ಲವಂತೆ.

ಅವನಿಗೆ ಆಗಲೇ ನಾಚಿಕೆಯಾಯಿತು ಅಂದುಕೊಂಡಿರಾ? ಇಲ್ಲ. ಆಗ ಅವನಿಗೆ ಗೆದ್ದಂತಿತ್ತಂತೆ. ಕೈ ಕೈ ಉಜ್ಜಿಕೊಂಡು ಜನರೆಲ್ಲ ಶಹಬ್ಬಾಸ್ ಅನ್ನಲಿ ಅಂತ ಕಾದನಂತೆ. ಒಬ್ಬೊಬ್ಬರಾಗಿ ಎದ್ದು ಹೋದ ಮೇಲೆ, ತಾನು ಅಂದುಕೊಂಡಿದ್ದ ತೀರ್ಪಿನ ಪುಟ ಸರಿಯೋ ಅಲ್ಲವೋ ಅಂತ ಪುಸ್ತಕ ತೆರೆದನಂತೆ. ತೆರೆದದ್ದು ಬೇರೆ ಪುಟ. ನಾಲ್ಕು ಜನರ ಮುಂದೆ ಒಬ್ಬರ ಮುಖದ ರಕ್ತ ಇಳಿಸುವುದು ಕೊಲೆಗೆ ಸಮ ಅನ್ನುವ ಪಾಠ ಅಲ್ಲಿತ್ತು. ಅವನು ಓದದೇ ಇದ್ದದ್ದೇನಲ್ಲ, ಪರೀಕ್ಷೆಯಲ್ಲಿ ಅದರ ಮೇಲೆ ಎರಡು ಹಾಳೆ ಬರೆದು ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಿದ್ದನಂತೆ. ಅಂಚಿನಲ್ಲಿ ಅವನದೇ ಅಕ್ಷರ, 'ಮುಖ್ಯ' ಅಂತ. ಆ ಅಕ್ಷರ ನೋಡಿ ಅವನಿಗೆ ನಾಚಿಕೆಯಾಯಿತಂತೆ. ಕಿವಿ ಸುಟ್ಟಿತಂತೆ, ಕತ್ತು ಸುಟ್ಟಿತಂತೆ. ಕೋಣೆಯಲ್ಲಿ ಒಬ್ಬನೇ ಇದ್ದರೂ ಕೋಟಿನ ಕಾಲರ್ ಎಳೆದು ಮುಖ ಮುಚ್ಚಿಕೊಂಡನಂತೆ.

ಮೂರನೇ ಶುಕ್ರವಾರ ಯಾರೂ ಬರಲಿಲ್ಲ. ನಾಲ್ಕನೇ ಶುಕ್ರವಾರ ಯಾರೂ ಬರಲಿಲ್ಲ. ಐದನೇ ಶುಕ್ರವಾರವೂ ಯಾರೂ ಬರಲಿಲ್ಲ. ಮಣೆ ಇದ್ದ ಜಾಗದಲ್ಲಿ ನೆಲದ ಮೇಲೆ ಒಂದು ಚೌಕ ಉಳಿದಿತ್ತಂತೆ, ಅಷ್ಟು ಜಾಗಕ್ಕೆ ಮಾತ್ರ ಬಣ್ಣ ಬೇರೆ. ರಬ್ಬಿ ಅದನ್ನು ನೋಡುತ್ತ ಕೂರುತ್ತಿದ್ದನಂತೆ. ಬೀದಿಗೆ ಹೋದರೆ ಜನ ನಮಸ್ಕಾರ ಮಾಡುತ್ತಿದ್ದರು, ಚೆನ್ನಾಗಿದ್ದೀರಾ ಅನ್ನುತ್ತಿದ್ದರು, ಅದರಾಚೆ ಒಂದು ಮಾತಿಲ್ಲ. ಅಲ್ಲಿ ಏನು ತಿನ್ನಬೇಕು, ಏನು ಬಿಡಬೇಕು, ಯಾರೊಡನೆ ರಾಜಿಯಾಗಬೇಕು ಅನ್ನುವುದನ್ನೆಲ್ಲ ಜನ ತಾವೇ ಏನೋ ಒಂದು ಮಾಡಿಕೊಂಡು ಸುಮ್ಮನಾಗುತ್ತಿದ್ದರಂತೆ.

ಆಗ ಅವನು ಎರಡನೇ ತಪ್ಪು ಮಾಡಿದನಂತೆ. ಮೊದಲನೆಯದಕ್ಕಿಂತ ದೊಡ್ಡದು ಇದು ಅಂತ ನನ್ನ ಅಭಿಪ್ರಾಯ. ಶನಿವಾರದ ಪ್ರಾರ್ಥನೆಗೆ ಊರೆಲ್ಲ ಸೇರಿದಾಗ ಎದ್ದು ನಿಂತು, ಎದೆ ಬಡಿದುಕೊಂಡು ಹೇಳಿದನಂತೆ. "ನಾನು ತಪ್ಪು ಮಾಡಿದೆ! ಹೆಣ ಮೀಯಿಸುವ ತಾಯಿ ತಮ್ಮ ತಂಗಿಯ ಹತ್ತಿರ ಕ್ಷಮೆ ಕೇಳಲಿಲ್ಲ ಅಂತ ಬಂದಿದ್ದರು, ಅವರಿಗೆ ನಾನು ಎಲ್ಲರೆದುರು ಅವಮಾನ ಮಾಡಿದೆ. ನನ್ನನ್ನು ಕ್ಷಮಿಸಬೇಕು!"

ಹೇಳುತ್ತ ಕಣ್ಣೀರು ಹಾಕಿದನಂತೆ. ಆ ಶುಕ್ರವಾರ ಕೋಣೆಯಲ್ಲಿದ್ದವರು ಹೆಚ್ಚೆಂದರೆ ಇಪ್ಪತ್ತು ಜನ, ಅವರೆಲ್ಲ ಕಷ್ಟಪಟ್ಟು ಅದನ್ನು ಮರೆಯುತ್ತಿದ್ದರು. ಈಗ ಊರಿಗೆ ಊರೇ ತಿಳಿಯಿತು. ಹೆಂಗಸರ ಸಾಲಿನಲ್ಲಿ ಆಕೆಯೂ ಕೂತಿದ್ದಳಂತೆ, ಸುತ್ತಲಿದ್ದವರು ತುಸು ಸರಿದು ಕೂತರಂತೆ. ರಬ್ಬಿಗೆ ಮಾತ್ರ ಹಗುರವಾಯಿತಂತೆ. ಭಾರ ಇಳಿಯಿತಲ್ಲ. ಇಳಿದ ಭಾರ ಯಾರ ತಲೆಯ ಮೇಲೆ ಹೋಗಿ ಕೂತಿತು ಅಂತ ಅವನು ತಿರುಗಿ ನೋಡಲಿಲ್ಲವಂತೆ.

ಮಾರನೇ ದಿನ ಅವನ ಬಾಗಿಲಲ್ಲಿ ಒಂದು ತಾಮ್ರದ ಬಿಂದಿಗೆ, ಒಂದು ತಂಬಿಗೆ, ಬಿಳಿ ದಾರ ಪೋಣಿಸಿದ ಒಂದು ಸೂಜಿ ಇದ್ದವಂತೆ. ಹೆಣ ಮೀಯಿಸುವ ಸಾಮಾನು. ಆಕೆ ಇಟ್ಟು ಹೋಗಿದ್ದಳು. ತನ್ನ ತಂಗಿಗೇ ಒಂದು ಮಾತು ಹೇಳದವಳ ಕೈ ನಮ್ಮ ತಾಯಂದಿರ ಮೈ ಮುಟ್ಟಬೇಕೇ ಅಂತ ಜನ ಕೇಳುವ ಮೊದಲೇ ಆಕೆ ತಾನಾಗಿ ಬಿಟ್ಟುಬಿಟ್ಟಳಂತೆ. ನೀರು ಹೊಯ್ಯುತ್ತಿದ್ದ ಇಬ್ಬರೂ, ಆಕೆ ಇಲ್ಲದೆ ನಾವು ಮುಟ್ಟುವುದಿಲ್ಲ ಅಂದರಂತೆ.

ರಬ್ಬಿ ಆ ಬಿಂದಿಗೆಯನ್ನು ಒಳಗೆ ತಂದು ನೆಲದ ಮೇಲಿನ ಚೌಕದಲ್ಲಿ ಇಟ್ಟನಂತೆ. ಅದರ ಹೊಟ್ಟೆಯಲ್ಲಿ ಅವನ ಮುಖ ಅಗಲವಾಗಿ ಕಾಣುತ್ತಿತ್ತಂತೆ. ತಿರುಗಿಸಿ ಇಟ್ಟರೂ ಕಾಣುತ್ತಿತ್ತಂತೆ.

ಹನ್ನೊಂದು ದಿನ ಕಳೆಯಿತು. ಹನ್ನೆರಡನೇ ದಿನ ಬೆಳಿಗ್ಗೆ ದೀಪದವನು ಬಂದು ಬಾಗಿಲಲ್ಲಿ ನಿಂತನಂತೆ. ಹೆಗಲ ಬಟ್ಟೆ ಹರಿದಿತ್ತು. ನಮ್ಮಲ್ಲಿ ಮನೆಯವರು ತೀರಿಕೊಂಡರೆ ಉಟ್ಟ ಬಟ್ಟೆ ಹರಿದುಕೊಳ್ಳುತ್ತೇವಲ್ಲ, ಹಾಗೆ.

"ಗುರುಗಳೇ" ಅಂದನಂತೆ. "ಪಕ್ಕದ ಮನೆಯವನ ಹೆಂಡತಿ ತೀರಿಕೊಂಡಳಂತೆ. ನಲವತ್ತೆರಡು ವರ್ಷ ಜೊತೆಗಿದ್ದಳಂತೆ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕಂತೆ. ಮೀಯಿಸುವವರು ಯಾರೂ ಇಲ್ಲವಂತೆ. ಅವನು ಏನು ಮಾಡಬೇಕಂತೆ?"

ಮುದುಕ ಅಳುತ್ತಿದ್ದ, ಗಡ್ಡವೆಲ್ಲ ಒದ್ದೆ, ಆದರೂ ಮಾತಿನ ಕೊನೆಗೆ 'ಅಂತೆ' ಇಡುವುದನ್ನು ಬಿಟ್ಟಿರಲಿಲ್ಲ. ಆ ಅಂತೆ ಅನ್ನುವುದು ಸುಳ್ಳಲ್ಲ, ಮುದುಕ ಬೀಳದ ಹಾಗೆ ಹಿಡಿದುಕೊಂಡಿರುವ ಗೋಡೆ ಅಂತ ರಬ್ಬಿಗೆ ಆಗ ತಿಳಿಯಿತಂತೆ. ಅವನು ದೀಪದವನ ಮುಖ ನೋಡಲಿಲ್ಲವಂತೆ. ಅವನ ಪಕ್ಕದ ಖಾಲಿ ನೆಲ ನೋಡಿ ಹೇಳಿದನಂತೆ, "ಅವನಿಗೆ ತಿಳಿಸಿ, ಹೆಂಡತಿಯ ಹತ್ತಿರ ಕೂತಿರಲಿ. ನಾನು ಈಗ ಬಂದೆ."

ಬಿಂದಿಗೆ ಸೊಂಟಕ್ಕಿಟ್ಟುಕೊಂಡು, ತಂಬಿಗೆ ಕೈಯಲ್ಲಿ ಹಿಡಿದು, ಸೂಜಿಯನ್ನು ಕೋಟಿಗೆ ಚುಚ್ಚಿಕೊಂಡು ಬೀದಿಯಲ್ಲಿ ನಡೆದನಂತೆ. ಹೊಸ ಕೋಟು, ಹೊಸ ಗಡ್ಡ, ಸೊಂಟದಲ್ಲಿ ಬಿಂದಿಗೆ. ಜನ ಕಿಟಕಿಯಿಂದ ನೋಡಿದರಂತೆ. ನೋಡಲಿ ಅಂತ ನಡೆದನಂತೆ.

ಆಕೆ ಅಂಗಳದಲ್ಲಿ ಕೂತು ಬೇಳೆ ಆರಿಸುತ್ತಿದ್ದಳಂತೆ. ಮಣೆಯನ್ನು ಗೋಡೆಗೆ ಒರಗಿಸಿಟ್ಟಿದ್ದಳು. ತಲೆ ಎತ್ತಲಿಲ್ಲ.

"ಅಮ್ಮಾ" ಅಂದನಂತೆ. "ನಮ್ಮ ಪಕ್ಕದ ಮನೆಯಲ್ಲೊಬ್ಬ ರಬ್ಬಿ ಇದ್ದಾನಂತೆ."

ಬೇಳೆಯೊಳಗೆ ಆಡುತ್ತಿದ್ದ ಕೈ ನಿಂತಿತಂತೆ. "ಹೌದಾ? ಹೇಗಿದ್ದಾನಂತೆ?"

"ಶುದ್ಧ ಕತ್ತೆಯಂತೆ."

"ನಾನೂ ಕೇಳಿದ್ದೆ" ಅಂದು ಆಕೆ ಎದ್ದು, ಮಣೆಯನ್ನು ತಂದು ಅವನ ಬಲಗಡೆ ಇಟ್ಟು, ಮತ್ತೆ ಹೋಗಿ ಕೂತಳಂತೆ. ಇಬ್ಬರೂ ಮಣೆಯನ್ನೇ ನೋಡಿದರಂತೆ. "ಏನಂತೆ ಅವನ ಪ್ರಶ್ನೆ?"

"ಅವನು ಒಬ್ಬರಿಗೆ ಎಲ್ಲರೆದುರು ಅವಮಾನ ಮಾಡಿದನಂತೆ. ಒಂದಲ್ಲ, ಎರಡು ಸಲ."

"ಮರೆತು ಮಾಡಿದನೋ, ಬೇಕೆಂದೇ ಮಾಡಿದನೋ?"

ಅವನ ಮಾತನ್ನೇ ಅವನಿಗೆ ಬಡಿಸಿದಳು ನೋಡಿ. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತಂತೆ. "ಬೇಕೆಂದೇ ಅಂತೆ" ಅಂದನಂತೆ. "ಮೊದಲನೇ ಸಲ ತನ್ನ ಜಾಣತನ ಜನಕ್ಕೆ ಕಾಣಲಿ ಅಂತ. ಎರಡನೇ ಸಲ ತನ್ನ ಒಳ್ಳೆಯತನ ಕಾಣಲಿ ಅಂತ."

ಆಕೆ ಮಣೆಗೆ ಹೇಳಿದಳಂತೆ, "ಕ್ಷಮಿಸುವುದು ಅಷ್ಟು ಬೇಗ ಆಗುವುದಿಲ್ಲಪ್ಪ. ನನ್ನ ಪಕ್ಕದ ಮನೆಯವಳು ಹಟಮಾರಿ. ತಂಗಿಯ ಮೇಲೇ ಹತ್ತೊಂಬತ್ತು ವರ್ಷ ಹಟ ಹಿಡಿದಳು, ನೀನ್ಯಾರು? ಆದರೆ ಹೆಣ ಕಾಯುವುದಿಲ್ಲ. ಬಿಂದಿಗೆ ಇಲ್ಲಿಟ್ಟು ಹೋಗು."

ರಬ್ಬಿ ಬಿಂದಿಗೆ ಇಟ್ಟನಂತೆ. ಹೋಗಲಿಲ್ಲವಂತೆ. ಆಕೆಯ ಪ್ರಶ್ನೆಗೆ ಇನ್ನೂ ಉತ್ತರ ಹೇಳಿರಲಿಲ್ಲವಲ್ಲ.

"ನಿಮ್ಮ ಪಕ್ಕದ ಮನೆಯವರಿಗೆ ಒಂದು ಮಾತು" ಅಂದನಂತೆ. "ಯಾರಿಗೆ ತಪ್ಪು ಮಾಡಿದ್ದೇವೋ ಅವರು ತೀರಿಕೊಂಡಿದ್ದರೆ, ಹತ್ತು ಜನರನ್ನು ಕರೆದುಕೊಂಡು ಗೋರಿಯ ಹತ್ತಿರ ಹೋಗಿ, ನಾನು ನಿನಗೆ ತಪ್ಪು ಮಾಡಿದೆ ಅನ್ನಬೇಕಂತೆ."

"'ನಾನು' ಅಂತ ಅನ್ನಬೇಕಂತೋ? ಹತ್ತು ಜನರ ಎದುರಿಗೆ?" ಆಕೆ ತಲೆ ಆಡಿಸಿದಳಂತೆ. "ಅವಳಿಂದಾಗುವುದಿಲ್ಲ. ಅವಳು ಹಾಗೇ ಸಾಯುತ್ತಾಳೆ."

"ಗೋರಿ ದೂರವಿದ್ದರೆ ಬೇರೆಯವರನ್ನು ಕಳಿಸಬಹುದಂತೆ. ಅವಳ ಬದಲು ಅವರು ಹೇಳಬಹುದಂತೆ."

"ದೂರವೇನು ಬಂತು? ಇಲ್ಲಿಂದ ಕಾಣುತ್ತದೆ. ಮುನ್ನೂರು ಹೆಜ್ಜೆ."

ರಬ್ಬಿ ಆಗ ಪುಸ್ತಕದಲ್ಲಿ ಇಲ್ಲದ ಒಂದು ತೀರ್ಪು ಕೊಟ್ಟನಂತೆ. ಅವನ ಜೀವಮಾನದ ಮೊದಲನೇ ತೀರ್ಪು ಅದೇ ಅಂತ ಹೇಳಬೇಕು. "ಹೆಜ್ಜೆ ಎಣಿಸಿ ಅಂತ ಎಲ್ಲೂ ಬರೆದಿಲ್ಲ" ಅಂದನಂತೆ. "ಹತ್ತೊಂಬತ್ತು ವರ್ಷ ದೂರ ಅದು. ಕಾಲಿನಲ್ಲಿ ನಡೆದು ತಲುಪುವಂಥದ್ದಲ್ಲ. ಕಳಿಸಬಹುದು."

ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಬೇಳೆಯ ಮೊರ ಬದಿಗಿಟ್ಟು, ಬಿಂದಿಗೆ ಎತ್ತಿಕೊಂಡು ದೀಪದವನ ಮನೆಗೆ ಹೋದಳಂತೆ. ತಲೆ ತೊಳೆದಳಂತೆ, ಕೈ ತೊಳೆದಳಂತೆ, ಕಾಲು ತೊಳೆದಳಂತೆ. ಕೊನೆಯ ಮಾತನ್ನು ಬಾಗಿಲಾಚೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳಂತೆ. ಹೊರಗೆ ನಿಂತಿದ್ದ ದೀಪದವನು ಆ ಮಾತು ಕೇಳಿ ಗೋಡೆಗೆ ಹಣೆ ಒತ್ತಿಕೊಂಡನಂತೆ.

ಸಂಜೆಯೊಳಗೆ ಮಣ್ಣಾಯಿತು. ಜನ ಹೊರಡುವ ಮೊದಲು ರಬ್ಬಿ ಹತ್ತು ಜನರನ್ನು ಕರೆದು, ಸ್ವಲ್ಪ ಆಚೆಯಿದ್ದ ತಂಗಿಯ ಗೋರಿಯ ಮುಂದೆ ನಿಲ್ಲಿಸಿದನಂತೆ. ಚಪ್ಪಲಿ ಬಿಟ್ಟು ನಿಂತು ಹೇಳಿದನಂತೆ, "ನಾನು ನಿನಗೆ ತಪ್ಪು ಮಾಡಿದೆ. ನಿನ್ನನ್ನು ಮೀಯಿಸಿದೆ, ಮಾತಾಡಿಸಲಿಲ್ಲ. ಕ್ಷಮಿಸಮ್ಮಾ." ಆ ಊರಲ್ಲಿ ಇನ್ನೊಬ್ಬರ ತಪ್ಪಿಗೆ 'ನಾನು' ಅನ್ನುವ ಮಾತನ್ನು ಯಾರೂ ಕೇಳಿರಲಿಲ್ಲವಂತೆ. ರೊಟ್ಟಿಯವನು ಬಿಕ್ಕಿದನಂತೆ. ಬಾಗಿಲ ಬಳಿ ಆಕೆ ತಂಬಿಗೆ ಹಿಡಿದು ನಿಂತಿದ್ದಳು. ಗೋರಿಗಳ ಬಯಲಿನಿಂದ ಹೊರಗೆ ಬರುವಾಗ ಕೈ ತೊಳೆಯಬೇಕಲ್ಲ, ಒಬ್ಬೊಬ್ಬರಿಗೂ ನೀರು ಹೊಯ್ದಳಂತೆ. ರಬ್ಬಿಯ ಕೈಗೂ ಹೊಯ್ದಳಂತೆ. ಮುಖ ನೋಡಲಿಲ್ಲವಂತೆ.

ಮುಂದಿನ ಶುಕ್ರವಾರ ಮಣೆ ಅದರ ಚೌಕದಲ್ಲಿ ಇತ್ತಂತೆ. ಯಾರು ತಂದಿಟ್ಟರೋ ಅವನು ಕೇಳಲಿಲ್ಲವಂತೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು ಅಲ್ವೇ? ನೀವೂ ಹಾಗೇ ಅಂದುಕೊಂಡು ಕಾಲು ಚಾಚಿದಿರಿ. ಮಡಚಿಕೊಳ್ಳಿ, ಪ್ರಶ್ನೆ ಇನ್ನೂ ಬಂದಿಲ್ಲ.

ಆ ರಬ್ಬಿ ಅಲ್ಲೇ ನಲವತ್ತೊಂದು ವರ್ಷ ಇದ್ದನಂತೆ. ಒಳ್ಳೆಯ ರಬ್ಬಿ ಆದನಂತೆ. ಮಣೆ ನೋಡಿ ಮಾತಾಡುವುದನ್ನು ಕಲಿತನಂತೆ, ಕೇಳದ ಪ್ರಶ್ನೆಗೂ ಉತ್ತರ ಹೇಳುವುದನ್ನು ಕಲಿತನಂತೆ. ಬೇರೆ ಊರುಗಳಿಂದಲೂ ಜನ ತಮ್ಮ ಪಕ್ಕದ ಮನೆಯವರ ಕಷ್ಟ ಹೊತ್ತು ಬರುತ್ತಿದ್ದರಂತೆ. ಪಕ್ಕದವಳ ತಪ್ಪನ್ನು ತನ್ನದು ಅಂದವನು ಅಂತ ಊರೆಲ್ಲ ಹೊಗಳುತ್ತಿತ್ತಂತೆ. ಹೊಗಳಿದಾಗಲೆಲ್ಲ ಅವನ ಕಿವಿ ಸುಡುತ್ತಿತ್ತಂತೆ. ಇನ್ನೊಬ್ಬರ ತಪ್ಪಿಗೆ 'ನಾನು' ಅನ್ನುವುದಕ್ಕೆ ಏನು ಕಷ್ಟ ಗುರುಗಳೇ? ನಾಲಿಗೆ ಸಲೀಸಾಗಿ ಹೊರಳುತ್ತದೆ. ತನ್ನ ತಪ್ಪಿಗೆ ಅವನು ಆಕೆಗೆ ಮುಖಾಮುಖಿ 'ನಾನು' ಅಂದದ್ದೇ ಇಲ್ಲ. ಮಂದಿರದಲ್ಲಿ ಅಂದದ್ದು ಊರಿಗೆ ಕೇಳಲಿ ಅಂತ, ಆಕೆಯ ಅಂಗಳದಲ್ಲಿ ಪಕ್ಕದ ಮನೆಯ ರಬ್ಬಿ ಅಂದಿದ್ದ, ಅಷ್ಟೇ. ಅವನು ಕಲಿತದ್ದೆಲ್ಲ ಆ ಮುಖ ಬೆಳ್ಳಗಾದದ್ದರಿಂದ ಕಲಿತದ್ದು. ಇವನೊಬ್ಬ ರಬ್ಬಿಯಾಗಲು ಆಕೆ ಅಷ್ಟು ಜನರ ಎದುರು ಹಾಗೆ ಕೂರಬೇಕಾಯಿತಲ್ಲ.

ಆಕೆ ಶುಕ್ರವಾರ ಶುಕ್ರವಾರ ಬರುತ್ತಿದ್ದಳಂತೆ. ಪಕ್ಕದ ಮನೆಯವಳಿಗೆ ಮಂಡಿನೋವಂತೆ, ಪಕ್ಕದ ಮನೆಯವಳ ಕೋಳಿಗೆ ಒಂದು ಕಣ್ಣಿಲ್ಲವಂತೆ, ಕೊಯ್ಯಬಹುದಂತೋ ಅಂತ ಏನಾದರೊಂದು. ಕೇಳಿ ಮುಗಿದ ಮೇಲೂ ತುಸು ಹೊತ್ತು ಕೂತಿರುತ್ತಿದ್ದಳಂತೆ. ಅವನು ಏನೋ ಹೇಳುತ್ತಾನೆ ಅಂತ ಕಾಯುತ್ತಿದ್ದಳೋ ಏನೋ. ಇವತ್ತು ಹೇಳಿಬಿಡುತ್ತೇನೆ ಅಂತ ಅವನಿಗೆ ಪ್ರತಿ ಶುಕ್ರವಾರವೂ ಅನ್ನಿಸುತ್ತಿತ್ತಂತೆ. ಆಮೇಲೆ, ಬರುವ ವಾರ ಹೇಳಿದರಾಯಿತು ಅನ್ನಿಸುತ್ತಿತ್ತಂತೆ. ಆಕೆ "ಆಗಲಿ, ಅವಳಿಗೆ ತಿಳಿಸುತ್ತೇನೆ" ಅಂದು ಎದ್ದು ಹೋಗುತ್ತಿದ್ದಳಂತೆ.

ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡಳಂತೆ. ಆಕೆಯೇ ಕಲಿಸಿದ ಹೆಂಗಸರು ಆಕೆಯನ್ನು ಮೀಯಿಸಿದರಂತೆ, ಕೊನೆಯ ಮಾತು ಹೇಳಿದರಂತೆ. ಅವನು ಬಾಗಿಲಾಚೆ ನಿಂತು ಕೇಳಿದನಂತೆ. ಮಣ್ಣು ಮಾಡುವಾಗ ಹತ್ತಲ್ಲ, ನೂರು ಜನ ಇದ್ದರಂತೆ. ಅವನು ಗೋರಿಯ ಮುಂದೆ ನಿಂತು ಬಾಯಿ ತೆರೆದನಂತೆ. ಜನ ಕಾದರಂತೆ. ಆಕೆಯ ಗುಣಗಾನ ಮಾಡಿ ಕೆಳಗೆ ನೋಡಿದನಂತೆ. ಆ ಒಂದು ಮಾತು ಬಾಯಿಗೆ ಬರಲಿಲ್ಲವಂತೆ.

ಈಗ ಅವನಿಗೂ ಅನ್ನ ಸೇರುವುದಿಲ್ಲವಂತೆ. ವಯಸ್ಸಾಯಿತು, ಬೇರೆಯವರನ್ನು ಕರೆಸಿಕೊಳ್ಳಿ ಅಂತ ಊರಿಗೆ ಹೇಳಿ ಕುರ್ಚಿ ಬಿಟ್ಟನಂತೆ. ಧರ್ಮ ಅವನಿಗೆ ಗೊತ್ತಿಲ್ಲದ್ದಲ್ಲ. ಗೋರಿ ದೂರವೂ ಇಲ್ಲ. ಆಕೆ ತಂಗಿಯ ಪಕ್ಕದಲ್ಲೇ ಮಲಗಿದ್ದಾಳೆ, ಆ ಕಿಟಕಿಯಲ್ಲಿ ಬಗ್ಗಿದರೆ ಕಾಣುತ್ತದೆ. ನಡೆದರೆ ಮುನ್ನೂರು ಹೆಜ್ಜೆ. ಅವನ ಕಾಲು ಇನ್ನೂ ಗಟ್ಟಿಯಾಗಿದೆಯಂತೆ. ಹಾಗಾದರೆ ಅವನೇ ಹೋಗಬೇಕೋ, ಅಥವಾ ಅವನಿಗೂ ಅದು ದೂರ ಅಂತ ತೀರ್ಪು ಕೊಟ್ಟು, ಅವನ ಬದಲು ಯಾರಾದರೂ ಹೋಗಬಹುದೋ? ಆಕೆಗೆ ಅಂತ ಮಾಡಿದ ತೀರ್ಪನ್ನು ತನಗೆ ತಾನೇ ಹಚ್ಚಿಕೊಳ್ಳುವುದು ಕಳ್ಳತನವಲ್ಲವೇ? ಅವನಿಗೆ ತಿಳಿಯುತ್ತಿಲ್ಲವಂತೆ. ಅದಕ್ಕೇ ನಿಮ್ಮ ಹತ್ತಿರ ಕಳಿಸಿದ್ದಾನೆ. ನೀವು ಚಿಕ್ಕವರು, ಈ ಊರಿಗೆ ಹೊಸಬರು, ಇದು ನಿಮ್ಮ ಮೊದಲನೇ ಪ್ರಶ್ನೆ, ಅದೆಲ್ಲ ಗೊತ್ತು. ಆದರೂ ರಬ್ಬಿ ನೀವೇ. ಹೇಳಿ, ಅವನು ಏನು ಮಾಡಬೇಕಂತೆ?

ಪುಸ್ತಕ ತೆರೆಯಬೇಡಿ, ಅಲ್ಲಿಲ್ಲ, ನಾನು ನೋಡಿದ್ದೇನೆ. ಒಂದು ಸಲವಲ್ಲ, ನಲವತ್ತೊಂದು ವರ್ಷ ನೋಡಿದ್ದೇನೆ. ನಾನು ಏನು ಮಾಡಲಿ, ಹೇಳಿ.

ಅಯ್ಯೋ.

ನನ್ನ ಮುಖ ನೋಡಬೇಡಿ ಗುರುಗಳೇ. ಮಣೆ ನೋಡಿ ಹೇಳಿ.